ನಲವತ್ತು ನಿಮಿಷದ ಮೇಲೆ ಕೊಸರು

ಕಳೆದ ವರ್ಷ ಎಂಬಿಎ ಪ್ರವೇಶ ಪರೀಕ್ಷೆಯಲ್ಲಿ ನನ್ನ ಮೊಮ್ಮಗಳು ಎರಡನೇ ಭಾಗದ ಒಂದೇ ಒಂದು ಪ್ರಶ್ನೆಗೂ ಉತ್ತರ ಕೊಡಲಿಲ್ಲ. ಮನೆಯವರೆಲ್ಲ ಅಂಕ ಕಡಿಮೆ ಬಂತು ಅಂದುಕೊಂಡು ಸುಮ್ಮನಾದರು. ಅಸಲಿ ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಕಲಬುರಗಿಯಿಂದ ವಾಪಸ್ ಬರುವಾಗ ಬಸ್ಸಿನಲ್ಲಿ ನನ್ನ ಸೆರಗಿನ ತುದಿ ಹಿಡಿದುಕೊಂಡು ಹೇಳಿದ್ದಳು.

“ಆಯಿ, ಅಕ್ಷರಾನೇ ಕಾಣ್ಲಿಲ್ಲ. ಪರದೆ ಮ್ಯಾಲ ಗಡಿಯಾರ ಒಂದೇ ಕಾಣ್ತಿತ್ತು. ಅದು ಇಳಕೋತ ಹೋತು, ನಾ ನೋಡ್ಕೋತ ಕುಂತೆ.”

ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

“ಜರಾ ನೀರರ ಕುಡೀಬೇಕಿಲ್ಲೇನ್ ಬೇ?” ಅಂದೆ.

“ಕೈ ಬಾಟ್ಲಿ ತನಕ ಹೋಗ್ಲಿಲ್ಲ.”

ಬಾಟಲಿ ಅವಳ ಪಕ್ಕದಲ್ಲೇ ಇತ್ತಂತೆ. ಓದಲು ಬಾರದೆ ಕೂತವಳಾಗಿದ್ದರೆ ಬೈದು ಓದಿಸಬಹುದಿತ್ತು. ಹೆದರಿ ಕೂತವಳಿಗೆ ಏನು ಮಾಡುವುದು?

ಈ ವರ್ಷ ಮತ್ತೆ ಅರ್ಜಿ ತುಂಬಿದಳು. ತುಂಬುವಾಗಲೇ ಹೇಳಿಬಿಟ್ಟಳು: “ಈ ಸಲಾನೂ ಹಂಗ ಆದ್ರ ಮತ್ತ ಇದರ ಹೆಸರ ತೆಗ್ಯಂಗಿಲ್ಲ ಆಯಿ. ನೀನೂ ತೆಗೀಬ್ಯಾಡ.” ಚಿಕ್ಕವಳಿದ್ದಾಗ ಸಂತೆಯಲ್ಲಿ ನನ್ನ ಪಕ್ಕ ಚೀಲದ ಮೇಲೆ ಕೂತು, ನಮ್ಮ ಹೊಲದ ತೊಗರಿ ಬೇರೆ ಊರಿನ ಹೆಸರು ಅಚ್ಚಾದ ಚೀಲದಲ್ಲಿ ಬೇಳೆಯಾಗಿ ಯಾಕೆ ತಿರುಗಿ ಬರುತ್ತದೆ ಅಂತ ಕೇಳಿದವಳು ಇವಳು. ನನಗೆ ಉತ್ತರ ಗೊತ್ತಿರಲಿಲ್ಲ. ಬಿ.ಕಾಂ. ಮುಗಿಸಿದ ಮೇಲೂ ಅವಳಿಗೆ ಉತ್ತರ ಸಿಕ್ಕಿರಲಿಲ್ಲ. ಅದನ್ನು ಕಲಿಸುವ ಕಾಲೇಜಿಗೆ ಹೋಗಬೇಕು, ಆಮೇಲೆ ಇಲ್ಲಿಗೇ ಬಂದು ಆ ವ್ಯಾಪಾರ ಮಾಡಬೇಕು ಅನ್ನುವುದು ಅವಳ ಹಟ. ಆ ಹಟ ಸರಸಂಬಾ ಹಳ್ಳಿಯ ನಮ್ಮ ಮನೆಯೊಳಗೇ ಮುದುಡಿಕೊಂಡು ಕೂತುಬಿಡುತ್ತದೆಯೇನೋ ಅನ್ನುವುದು ನನ್ನ ಭಯ.

ಆಳಂದದಲ್ಲಿ ಒಬ್ಬ ಮಾಸ್ತರರು ಭಾನುವಾರ ಪಾಠ ಹೇಳುತ್ತಿದ್ದರು. ಪರೀಕ್ಷೆ ಎರಡು ತಾಸಿನದು, ಮೂರು ಭಾಗ. ಮೊದಲನೆಯದು ಇಂಗ್ಲಿಷ್, ದೊಡ್ಡ ದೊಡ್ಡ ಬರಹ ಓದಿ ಉತ್ತರಿಸುವುದು. ಎರಡನೆಯದು ಕೋಷ್ಟಕ ಮತ್ತು ತರ್ಕ, ಒಂದೊಂದು ಕಂತೆಯಲ್ಲಿ ನಾಲ್ಕೈದು ಪ್ರಶ್ನೆ. ಮೂರನೆಯದು ಲೆಕ್ಕ. ಒಂದೊಂದಕ್ಕೆ ನಲವತ್ತು ನಿಮಿಷ. ನಲವತ್ತು ಮುಗಿದರೆ ಆ ಭಾಗ ತಾನಾಗಿ ಮುಚ್ಚುತ್ತದೆ, ಹಿಂದಕ್ಕೆ ಹೋಗುವಂತಿಲ್ಲ. ಸರಿ ಉತ್ತರಕ್ಕೆ ಮೂರು ಅಂಕ, ತಪ್ಪಿದರೆ ಒಂದು ಕಡಿತ. ವಾರಕ್ಕೆ ಎರಡು ಪೇಪರ್ ಮನೆಯಲ್ಲಿ, ಪ್ರತಿ ಸಲ ಅದೇ ಹೊತ್ತಿಗೆ, ಒಬ್ಬರ ಕಾವಲಿನಲ್ಲಿ ಬರೆಯಬೇಕು, ಅಂಕ ತನಗೆ ಕಳಿಸಬೇಕು ಅಂತ ಮಾಸ್ತರರ ಕಟ್ಟಪ್ಪಣೆ. ನಮ್ಮಲ್ಲಿ ಕಂಪ್ಯೂಟರ್ ಇಲ್ಲ, ಅದಕ್ಕೆ ಝೆರಾಕ್ಸ್ ಹಾಳೆ ಕೊಟ್ಟು ಕಳಿಸಿದರು.

ಕಾವಲಿಗೆ ನಾನೇ ನಿಂತೆ. ಮಗ ಹೊಲದಲ್ಲಿ. ಸೊಸೆ ಕೂತರೆ ಐದು ನಿಮಿಷಕ್ಕೊಮ್ಮೆ ಚಹಾ ಬೇಕೇನು ಅಂತ ಕೇಳುತ್ತಾಳೆ. ನಾನಾದರೆ ಸಂತೆಯಲ್ಲಿ ಬೇಳೆಕಾಳು ಮಾರಿದವಳು, ಯಾರ ಕೈ ಯಾವ ಚೀಲಕ್ಕೆ ಹೋಗುತ್ತದೆ ಅಂತ ಬೆನ್ನಿನಿಂದಲೂ ಕಾಣುತ್ತದೆ.

ಕಾಳಿನ ಕೋಣೆಯಲ್ಲಿ ಚೀಲಗಳನ್ನು ಗೋಡೆಗೆ ಸರಿಸಿ ಒಂದು ಮೇಜು, ಒಂದು ಕುರ್ಚಿ ಹಾಕಿದೆವು. ಬಾಗಿಲಲ್ಲಿ ನಾನು ನಿಂತು ತಪಾಸಣೆ ಮಾಡುತ್ತಿದ್ದೆ.

“ಹಾಲ್ ಟಿಕೆಟ್ ತೋರ್ಸವಾ. ಫೋಟೋದಾಗ ಇದ್ದಾಕಿ ನೀನೇ ಏನು? ಆಕಿ ಜರಾ ಚಂದ ಕಾಣ್ತಾಳ.”

“ಆಯಿ, ಸುಮ್ನ ಒಳಗ ಬಿಡು.”

“ಆಯಿ ಯಾರಬೇ? ನಾ ಸರ್ಕಾರದಾಕಿ. ಬಳಿ ತೆಗಿ, ಪಿನ್ ತೆಗಿ. ಜಡಿಯೊಳಗ ಏನ್ ಬರಕೊಂಡ್ ಬಂದಿ, ಬಿಚ್ಚು.”

ಅವಳು ನಗುತ್ತಿದ್ದಳು. ನಕ್ಕರೆ ಭುಜ ಇಳಿಯುತ್ತದೆ, ಭುಜ ಇಳಿದರೆ ಕೈ ಹಗುರಾಗುತ್ತದೆ ಅಂತ ನನ್ನ ಅಂದಾಜು. ಆದರೆ ಒಳಗೆ ಹೋಗಿ ಕೂತ ಕೂಡಲೇ ಒಂದು ಮಾತು ಹೇಳಿದಳು: “ಗಡಿಯಾರ ನನ್ನ ಕಡಿ ತೋರಿಸ್ಬ್ಯಾಡ. ನೋಡಿದ್ರ ಗಂಟಲ ಒಣಗ್ತದ. ನೀನೇ ಇಟ್ಕೋ, ನೀನೇ ಹೇಳು.”

ಹಾಗಾಗಿ ಹೊತ್ತೆಲ್ಲ ನನ್ನ ಮಡಿಲಿಗೆ ಬಂತು. ಫೋನಿನಲ್ಲಿ ನಲವತ್ತು ನಿಮಿಷ ಇಡುವುದನ್ನು ಅವಳೇ ಕಲಿಸಿದಳು. ಗಂಟೆ ಬಾರಿಸಿದರೆ ಬೆಚ್ಚುತ್ತಾಳೆ ಅಂತ ಬರೀ ಗುರ್ರ್ ಅನ್ನುವ ಹಾಗೆ ಮಾಡಿಕೊಂಡೆವು. ಇಪ್ಪತ್ತು ಉಳಿದಾಗ ಒಮ್ಮೆ, ಹತ್ತಕ್ಕೆ ಒಮ್ಮೆ, ಐದಕ್ಕೆ ಒಮ್ಮೆ ನಾನು ಬಾಯಲ್ಲಿ ಹೇಳಬೇಕು. ಟೈಪ್ ಮಾಡಲು ಕಲಿತದ್ದೂ ಆಗಲೇ. ಅಂಕ ಕಡಿಮೆ ಬಂದ ದಿನ ಅವಳು ಮಾಸ್ತರರಿಗೆ ಕಳಿಸುತ್ತಿರಲಿಲ್ಲ, ಅದಕ್ಕೆ ಕಳಿಸುವ ಕೆಲಸ ನಾನು ಕಸಿದುಕೊಂಡೆ. ಅಫಜಲಪುರದ ತವರಿನಲ್ಲಿ ಏಳನೇ ಇಯತ್ತೆವರೆಗೆ ಓದಿದವಳು ನಾನು, ಅಕ್ಷರ ಗೊತ್ತು. ಆದರೆ ಫೋನಿನೊಳಗೆ ಅವು ಎಲ್ಲಿ ಅಡಗಿವೆ ಅಂತ ಗೊತ್ತಿರಲಿಲ್ಲ. ಮೊದಲನೇ ಸಂದೇಶ ಮುಗಿಯುವಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟಿತ್ತು.

ಮೊದಲ ಎರಡು ಪೇಪರ್ ನೆಟ್ಟಗೆ ನಡೆಸಿದೆ. ಅಂಕ ಚೆನ್ನಾಗಿರಲಿಲ್ಲ. ಮೂರನೇ ಪೇಪರಿನ ಎರಡನೇ ಭಾಗದಲ್ಲಿ, ಹತ್ತು ನಿಮಿಷ ಅಂತ ನಾನು ಹೇಳಿದ ಕೂಡಲೇ ಅವಳ ಎಡಗಾಲು ಕುಣಿಯತೊಡಗಿತು. ಐದು ಅಂದಾಗ ಪೆನ್ಸಿಲ್ ನಿಂತಿತು. ಕಣ್ಣು ಹಾಳೆಯ ಮೇಲೇ ಇತ್ತು, ಆದರೆ ಓದುತ್ತಿರಲಿಲ್ಲ. ಸೀರೆಯ ನೆರಿಗೆಯೊಳಗೆ ಫೋನು ಗುರ್ರ್ ಅಂದಿತು. ನಾನು ಅದರ ಬಾಯಿ ಮುಚ್ಚಿದೆ. ನಲವತ್ತು ಮುಗಿದದ್ದನ್ನು ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಪೆನ್ಸಿಲ್ ಮತ್ತೆ ನಡೆಯಿತು. ಕಂತೆ ಮುಗಿಸಿ ಅವಳು ತಲೆ ಎತ್ತಿದ ಮೇಲೆ, “ಹೊತ್ತಾತು” ಅಂದೆ. ನಾಲ್ಕು ನಿಮಿಷ ಹೆಚ್ಚಾಗಿತ್ತು.

ಇದು ಮೋಸ ಅಂತ ನನಗೆ ಅನಿಸಲೇ ಇಲ್ಲ. ಸಂತೆಯಲ್ಲಿ ಸೇರು ತುಂಬಿ ಗಿರಾಕಿಯ ಚೀಲಕ್ಕೆ ಸುರಿದ ಮೇಲೆ ಒಂದು ಹಿಡಿ ಕಾಳು ಮೇಲೆ ಹಾಕುತ್ತೇವೆ, ಅದು ಕೊಸರು. ಹಾಕದಿದ್ದರೆ ಗಿರಾಕಿ ಚೀಲದ ಬಾಯಿ ಕಟ್ಟುವುದೇ ಇಲ್ಲ, ಹಿಡಿದುಕೊಂಡೇ ನಿಲ್ಲುತ್ತಾನೆ. ಅಳತೆ ಅಳತೆಯೇ, ಕೊಸರು ಅದರೊಳಗೆ ಲೆಕ್ಕವಲ್ಲ. ನನ್ನ ಕೈ ನನ್ನನ್ನು ಕೇಳದೆಯೇ ಆ ಹಿಡಿ ಹಾಕಿ ರೂಢಿ. ಅವತ್ತೂ ಕೇಳಲಿಲ್ಲ.

ಆಮೇಲೆ ಅದು ನಡೆದೇ ಹೋಯಿತು. ಮೊದಲ ಭಾಗಕ್ಕೆ ಮೂರು ನಿಮಿಷ, ಎರಡನೆಯದಕ್ಕೆ ನಾಲ್ಕೋ ಐದೋ, ಲೆಕ್ಕಕ್ಕೆ ಅವಳ ಮುಖ ನೋಡಿ. ಇಪ್ಪತ್ತು, ಹತ್ತು ಅಂತ ಕೂಗುವುದನ್ನೂ ಅದಕ್ಕೆ ತಕ್ಕಂತೆ ತಡಮಾಡಿ ಕೂಗುತ್ತಿದ್ದೆ. ಅಂಕ ಏರಿತು. ಕಾಲು ಕುಣಿಯುವುದು ಕಡಿಮೆಯಾಯಿತು. ಅವಳು ಎರಡು ರೊಟ್ಟಿ ಹೆಚ್ಚು ತಿಂದಳು. ಸೊಸೆ ನನ್ನನ್ನು ಹೊಗಳಿದಳು: “ಅತ್ತಿ, ನೀವು ಮಾಸ್ತರಕಿನ ಚಲೋ ಕಲಿಸ್ತೀರಿ ಬಿಡ್ರಿ.” ನಾನು ಬೀಗಿದೆ.

ಮಾಸ್ತರರೂ ಸಂತೋಷಪಟ್ಟರು. ಸಂತೋಷಪಟ್ಟು ಸುಮ್ಮನಿರಲಿಲ್ಲ, ಯೋಜನೆ ಬದಲಿಸಿದರು. ಅಲ್ಲಿಯವರೆಗೆ ನಾಲ್ಕು ಬರಹಗಳಲ್ಲಿ ಮೂರನ್ನು ಓದಿ ಒಂದನ್ನು ಬಿಡು ಅನ್ನುತ್ತಿದ್ದವರು, ಈಗ ನಾಲ್ಕನ್ನೂ ಓದು ಅಂದರು. ಕಂತೆಗಳಲ್ಲಿ ಎರಡರ ಬದಲು ಮೂರು ಮಾಡು ಅಂದರು. ನಾನು ಕಳಿಸಿದ ಅಂಕಗಳನ್ನು ನಂಬಿ ಹೇಳಿದ ಮಾತು ಅದು. ಆಗಲಾದರೂ ನನಗೆ ತಿಳಿಯಬೇಕಿತ್ತು. ತಿಳಿಯಲಿಲ್ಲ.

ಪರೀಕ್ಷೆಗೆ ಹನ್ನೆರಡು ದಿನ ಇದ್ದಾಗ ಮಾಸ್ತರರು ಆಳಂದದಲ್ಲೇ ಒಂದು ಕಂಪ್ಯೂಟರ್ ಕೇಂದ್ರದಲ್ಲಿ ಅಸಲಿಯಂಥದೇ ಪರೀಕ್ಷೆ ಇಟ್ಟರು. ನಾನೂ ಜೊತೆಗೆ ಹೋಗಿ ಮೆಟ್ಟಿಲ ಮೇಲೆ ಕೂತೆ. ಎರಡು ತಾಸಿಗೆ ಬಾಗಿಲು ತೆರೆಯಿತು. ಬೇರೆ ಹುಡುಗರು ಮಾತಾಡುತ್ತಾ ಇಳಿದು ಹೋದರು. ಇವಳು ಕೊನೆಗೆ ಬಂದಳು, ಗೋಡೆ ಹಿಡಿದುಕೊಂಡು.

“ಮತ್ತ ಹಂಗೇ ಆತು ಆಯಿ.”

ಎರಡನೇ ಭಾಗದಲ್ಲಿ ಮೂರು ಕಂತೆ ಶುರು ಮಾಡಿ ಮೂರನ್ನೂ ಅರ್ಧಕ್ಕೆ ಬಿಟ್ಟಿದ್ದಳು. ಮೂರನೆಯದರ ನಡುವೆ ಪರದೆ ಮುಚ್ಚಿತಂತೆ, ಆಮೇಲೆ ಲೆಕ್ಕದ ಭಾಗದಲ್ಲಿ ಒಂದಂಕಿಯೂ ಕಣ್ಣಿಗೆ ಹತ್ತಲಿಲ್ಲವಂತೆ. ಮಾಸ್ತರರು ಅಂಕದ ಹಾಳೆ ತಿರುಗಿಸಿ ಮುರುಗಿಸಿ ನೋಡಿದರು. “ಮನ್ಯಾಗ ಇಷ್ಟ್ ಛಲೋ ಮಾಡ್ತಿ, ಇಲ್ಲಿ ಏನಾತವ್ವ? ಕಂಪ್ಯೂಟರ್ ಅಂಜಿಕಿ ಇರಬೇಕು. ಮೌಸ್ ಹಿಡಿದು ರೂಢಿ ಮಾಡ್ಕೋ,” ಅಂದರು.

ನಾನು ಮೆಟ್ಟಿಲು ನೋಡುತ್ತಾ ನಿಂತೆ. ಮೌಸ್ ಅಲ್ಲ ಅಂತ ನನಗೆ ಆ ಕ್ಷಣವೇ ಗೊತ್ತಾಯಿತು.

ಬಸ್ಸಿನಲ್ಲಿ ಅವಳು ಕಿಟಕಿಗೆ ತಲೆ ಒರಗಿಸಿದ್ದಳು. ಹೇಳಿದರೆ, ಇಷ್ಟು ದಿನ ಗಳಿಸಿದ್ದೆಲ್ಲ ಸುಳ್ಳು ಅಂದುಕೊಂಡು ಇಲ್ಲೇ ಕೈಬಿಡುತ್ತಾಳೆ. ಹೇಳದಿದ್ದರೆ, ಸುಳ್ಳು ಅಳತೆ ನಂಬಿಕೊಂಡು ಆ ಕೋಣೆಯೊಳಗೆ ಹೋಗುತ್ತಾಳೆ. ಯಾವ ಕಡೆ ತಿರುಗಿದರೂ ನನ್ನ ಕೈಯೇ ಎದುರಿಗೆ ಬರುತ್ತಿತ್ತು. ಹಾವು ಚೇಳಿಗೆ ಹೆದರದವಳು ನಾನು. ಅವತ್ತು ಪಕ್ಕದಲ್ಲಿ ಕೂತ ಮೊಮ್ಮಗಳಿಗೆ ಹೆದರಿದೆ.

ಜಾಣತನ ಮಾಡಲು ಹೋದೆ. ಮರುದಿನದ ಪೇಪರಿನಲ್ಲಿ ಯಾರಿಗೂ ಹೇಳದೆ ಸರಿಯಾಗಿ ನಲವತ್ತಕ್ಕೆ ನಿಲ್ಲಿಸಿಬಿಟ್ಟೆ. ಮೆಲ್ಲಗೆ ರೂಢಿಯಾಗುತ್ತದೆ, ಹೇಳುವ ಪ್ರಸಂಗವೇ ಬರುವುದಿಲ್ಲ ಅಂದುಕೊಂಡೆ.

“ಹೊತ್ತಾತು.”

ಅವಳು ತಲೆ ಎತ್ತಿದಳು. ನಾಲ್ಕನೇ ಬರಹ ಓದಿಯೇ ಇರಲಿಲ್ಲ. “ಇಷ್ಟ್ ಜಲ್ದಿ?” ಅಂದಳು. ಎರಡನೇ ಭಾಗದಲ್ಲೂ ಹಾಗೆಯೇ. ಮೂರನೆಯದು ಬರೆಯಲೇ ಇಲ್ಲ. ಪೆನ್ಸಿಲ್ ಕೆಳಗಿಟ್ಟು ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು.

“ನನಗ ಏನೋ ಆಗಾಕತ್ತದ ಆಯಿ. ಹೋದ ವಾರ ಮಾಡಿದ್ದು ಈ ವಾರ ಆಗಾಕತ್ತಿಲ್ಲ. ತಲಿ ನಿಧಾನ ಆಗಾಕತ್ತದ. ದವಾಖಾನಿಗಿ ತೋರಿಸ್ಬೇಕೇನು?”

ತನ್ನ ತಲೆಯನ್ನೇ ಅನುಮಾನಿಸುತ್ತಿದ್ದಳು. ತಪ್ಪು ಮಾಡಿದವಳು ನಾನು, ರೋಗ ಹುಡುಕುತ್ತಿರುವವಳು ಅವಳು. ನಾನು ಎದ್ದು ಬಾಗಿಲು ಮುಚ್ಚಿ ಬಂದು ತೊಗರಿ ಚೀಲದ ಮೇಲೆ ಕೂತೆ.

“ನಿನ್ನ ತಲಿ ನೆಟ್ಟಗ ಅದ. ನಾ ನಿನಗ ಹೊತ್ತು ಹೆಚ್ಚು ಕೊಟ್ಟೀನಿ.”

“ಅಂದ್ರ?”

“ನಲವತ್ತಕ್ಕ ನಿಲ್ಲಿಸ್ಲಿಲ್ಲ. ನಾಕು, ಐದು ಬಿಡ್ತಿದ್ದೆ. ಒಮ್ಮೆ ಏಳು.”

“ಯಾವ ಪೇಪರ್‌ನ್ಯಾಗ?”

“ಮೊದಲ ಎರಡು ಬಿಟ್ಟು ಎಲ್ಲಾದ್ರಾಗ. ಇವತ್ತ ಹೆಚ್ಚು ಕೊಟ್ಟಿಲ್ಲ.”

ಅವಳು ಬೆರಳು ಮಡಚಿ ಎಣಿಸಿದಳು. “ಮಾಸ್ತರಿಗಿ ಕಳಿಸಿದ್ದೆಲ್ಲಾ ಸುಳ್ಳಾ?”

“ಅಂಕಿ ಖರೇ ಅವ. ಹೊತ್ತು ಸುಳ್ಳು.”

“ಯಾಕ ಮಾಡಿದಿ?”

“ನೀ ಅಂಜಿದ್ದಿ. ನೋಡಾಕ ಆಗ್ಲಿಲ್ಲ. ಕೊಸರು ಅಂತ ಬಿಟ್ಟೆ.”

“ಕೊಸರಾ?” ಅವಳ ದನಿ ಏರಿತು. “ನಾ ಏನ್ ನಿನ್ನ ಸಂತಿ ಗಿರಾಕಿ ಏನು? ನಲವತ್ತರಾಗ ಇಕಿ ಕೈಲಿ ಆಗಂಗಿಲ್ಲ ಅಂತ ನೀನೇ ಮೊದಲ ಬರದಿಟ್ಟಿ!”

ಹೊರಗೆ ಹೋದಳು. ಅವತ್ತು ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಕೂತಾಗ ಸೊಸೆ, “ಏನಾಗೇದ್ರಿ ಅತ್ತಿ ಇಬ್ಬರಿಗೂ?” ಅಂತ ಕೇಳಿದಳು. ಪಲ್ಯಕ್ಕೆ ಉಪ್ಪು ಹೆಚ್ಚಾಗಿದೆ ಅಂದೆ. ಆಗಿರಲಿಲ್ಲ, ಪಾಪ.

ಮಾಸ್ತರರಿಗೆ ನಾನೇ ಟೈಪ್ ಮಾಡಿದೆ. ಹಿತ್ತಲಿನ ಕಲ್ಲಿನ ಮೇಲೆ ಕೂತು, ಒಂದು ಬೆರಳಿನಲ್ಲಿ. ‘ಸರ್ ನಾನು ಅವಳ ಅಜ್ಜಿ. ಮೂರನೇ ಪೇಪರಿನಿಂದ ನಾನು ಹೊತ್ತು ಹೆಚ್ಚು ಕೊಟ್ಟಿದ್ದೇನೆ. ಅವಳಿಗೆ ಗೊತ್ತಿರಲಿಲ್ಲ. ಬೈಯುವುದಿದ್ದರೆ ನನಗೆ ಬೈಯಿರಿ.’ ಕಳಿಸುವ ಗುರುತಿನ ಮೇಲೆ ಬೆರಳು ಇಡಲು ಮೂರು ಸಲ ಹೋಗಿ ಮೂರು ಸಲ ತಿರುಗಿ ಬಂತು. ನಾಲ್ಕನೇ ಸಲ ಒತ್ತಿದೆ.

ಫೋನು ಬಂತು. ಮಾಸ್ತರರದು. “ಆಯಿ, ನೀವು ಕಳಿಸಿದ ಅಂಕ ನೋಡಿ ನಾ ಆಕಿ ತಲಿ ಮ್ಯಾಲ ಎರಡು ಮೂಟಿ ಹೆಚ್ಚಿಗಿ ಹೊರಿಸೀನಿ,” ಅಂದರು. “ಇರ್ಲಿ. ನೀವು ಅಲ್ಲೇ ಕುಂತಿದ್ರೆಲ್ಲಾ, ಹೆಚ್ಚಿನ ಹೊತ್ತಿನ್ಯಾಗ ಆಕಿ ಏನ್ ಬರೀತಿದ್ಲು, ನೆನಪದ ಏನ್ರಿ?”

ನೆನಪಿತ್ತು. ಕಣ್ಣು ಕೀಳದೆ ನೋಡಿದವಳು ನಾನೇ ತಾನೆ! ಮೊದಲ ಭಾಗದಲ್ಲಿ ಯಾವಾಗಲೂ ಕೊನೆಯ ಬರಹ, ಎರಡನೆಯದರಲ್ಲಿ ಕೊನೆಯ ಕಂತೆ, ಲೆಕ್ಕದಲ್ಲಿ ಕೊನೆಯ ಒಂದೆರಡು. “ಹಂಗಿದ್ರ ಹಳೀ ಪೇಪರ್ ತಗೀರಿ. ಆ ಉತ್ತರ ಎಲ್ಲಾ ಹೊಡದ್ ಹಾಕಿ, ಉಳಿದದ್ದು ಎಷ್ಟು ಅಂತ ನೋಡ್ರಿ,” ಅಂದರು.

ಅದನ್ನು ಅವಳಿಗೆ ಹೇಳುವುದು ಹೇಗೆ? ಬೆಳಿಗ್ಗೆ ಹಳೆಯ ಹಾಳೆಗಳ ಕಟ್ಟು ಮತ್ತು ಒಂದು ಕೆಂಪು ಪೆನ್ನು ಅವಳ ಮೇಜಿನ ಮೇಲಿಟ್ಟು ಬಾಗಿಲಲ್ಲಿ ನಿಂತೆ. ಮಾಸ್ತರರ ಮಾತು ಹೇಳಿದೆ. ಅವಳು ನನ್ನ ಕಡೆ ನೋಡದೆಯೇ, “ಯಾವ್ಯಾವ್ದು?” ಅಂದಳು. ನಾನು ಹೇಳುತ್ತಾ ಹೋದೆ, ಅವಳು ಗೀಟು ಎಳೆಯುತ್ತಾ ಹೋದಳು. ಕೆಲವು ಕಡೆ, “ಇದಲ್ಲ, ಇದು ಮೊದಲೇ ಆಗಿತ್ತು,” ಅಂತ ನನ್ನನ್ನು ತಿದ್ದಿದಳು. ಒಂದೊಂದು ಗೀಟಿಗೂ ಕಿವಿ ಹಿಂಡಿದಂತಾಗುತ್ತಿತ್ತು. ಅಂಕಗಳು ಕೆಳಗಿಳಿದವು. ಆದರೆ ನೆಲ ಮುಟ್ಟಲಿಲ್ಲ. ಮೊದಲ ಎರಡು ಪೇಪರಿಗಿಂತ ಮೇಲೇ ನಿಂತವು. ಅವಳು ಆ ಸಂಖ್ಯೆಗಳನ್ನು ಎರಡು ಸಲ ಕೂಡಿ ನೋಡಿದಳು. ನಾನೂ ಕೂಡಿ ಅಷ್ಟೇ ಅಂದೆ, ನಂಬದೆ ಮೂರನೇ ಸಲವೂ ಕೂಡಿದಳು.

ಆಮೇಲೆ ಅಡುಗೆಮನೆಗೆ ಹೋಗಿ ಗೂಡಿನಲ್ಲಿದ್ದ ಟೇಬಲ್ ಗಡಿಯಾರ ತಂದು ತನ್ನ ಎದುರಿಗೇ ಇಟ್ಟುಕೊಂಡಳು.

“ನಿನ್ನ ಫೋನ್ ಅವ್ವನ ಕೈಯಾಗ ಕೊಟ್ಟು ಬಾ.”

“ನಾ ಬರಬ್ಯಾಡೇನು?”

“ಬಾ. ಬಂದು ಕೂಡು. ಕೂಡೋದಷ್ಟೇ. ಹೊತ್ತ ಹೇಳ್ಬ್ಯಾಡ, ಮಾತ ಬ್ಯಾಡ, ಕೆಮ್ಮೋದೂ ಬ್ಯಾಡ.”

ಮೂರು ಬರಹ, ಎರಡು ಕಂತೆ. ಮೊದಲ ಐದು ನಿಮಿಷ ಬರೀ ಯಾವುದನ್ನು ಬಿಡುವುದು ಅಂತ ನೋಡುವುದಕ್ಕೆ. ಬಿಟ್ಟದ್ದರ ಮೇಲೆ ದೊಡ್ಡದಾಗಿ ಅಡ್ಡಗೀಟು, ಮತ್ತೆ ಆ ಕಡೆ ನೋಡುವಂತಿಲ್ಲ. ಮಾಸ್ತರರು ಹೇಳಿದ ಹೊಸ ಕ್ರಮ ಇದು. ನಾಲ್ಕು ಪೇಪರ್ ಉಳಿದಿದ್ದವು.

ಅವುಗಳಲ್ಲಿ ಮೊದಲನೆಯದನ್ನು ನಾನು ಮರೆಯುವುದಿಲ್ಲ. ಹನ್ನೊಂದು ನಿಮಿಷ ಉಳಿದಿರುವಾಗ ಪೆನ್ಸಿಲ್ ನಿಂತಿತು. ಈ ಸಲ ಗಡಿಯಾರದ ಮುಖ ನನಗೂ ಕಾಣುತ್ತಿತ್ತು. ಮುಳ್ಳು ನಡೆಯುತ್ತಿತ್ತು, ಅವಳು ನಡೆಯುತ್ತಿರಲಿಲ್ಲ. ಅವಳ ಕುತ್ತಿಗೆಯ ನರ ಎದ್ದಿತ್ತು. ಎದ್ದು ಹೋಗಿ ಬೆನ್ನು ಸವರಬೇಕು, ನೀರು ಕೊಡಬೇಕು, ಆ ಗಡಿಯಾರವನ್ನು ಹಿತ್ತಲಿಗೆ ಎಸೆಯಬೇಕು ಅನಿಸಿತು. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತೆ. ಮೂರು ನಿಮಿಷ ಹೋಯಿತು. ಹೆಚ್ಚೂ ಹೋಯಿತೇನೋ. ಒಂದು ಉಸಿರು ಕೇಳಿಸಿತು, ಹಾಳೆ ತಿರುವಿದ ಸದ್ದು ಕೇಳಿಸಿತು. ನನ್ನ ಕೈ ಜೋಮು ಹಿಡಿದು ಸಂಜೆಯವರೆಗೆ ಸರಿಹೋಗಲಿಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನದ ಪಾಳಿ ಬಂದಿತ್ತು. ಕಲಬುರಗಿಯ ಕೇಂದ್ರದ ಗೇಟಿನಲ್ಲಿ ಬಳೆ, ಓಲೆ ತೆಗೆದು ನನ್ನ ಕೈಗೆ ಕೊಟ್ಟಳು. ಒಬ್ಬ ಹೆಣ್ಣುಮಗಳು ತಪಾಸಣೆ ಮಾಡಿ ಒಳಗೆ ಬಿಟ್ಟಳು. ಇವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ನನ್ನ ಮುಖ ಕಾಣುತ್ತಿತ್ತು, ನೋಡದ್ದೇ ಒಳ್ಳೆಯದಾಯಿತು.

ಬೇವಿನ ಮರದ ಕೆಳಗೆ ಬೇರೆ ತಂದೆ ತಾಯಿಗಳ ನಡುವೆ ಕೂತೆ. ಪಕ್ಕದ ಹೆಂಗಸು, “ನಿಮ್ಮಾಕಿ ಹ್ಯಾಂಗ ಓದ್ಯಾಳ್ರಿ?” ಅಂತ ಕೇಳಿದಳು. “ಓದ್ಯಾಳ್ರಿ,” ಅಂದೆ. ಅದಕ್ಕಿಂತ ಹೆಚ್ಚು ಮಾತಾಡಿದರೆ ಅಳು ಬರುತ್ತಿತ್ತು. ಫೋನು ತೆಗೆದು ನೋಡಿದೆ: ಈಗ ಮೊದಲ ಭಾಗ. ಮತ್ತೆ ನೋಡಿದೆ: ಈಗ ಮುಚ್ಚಿತು, ಎರಡನೆಯದು ತೆರೆಯಿತು. ಈಗ ಬಿಡುವ ಕಂತೆ ಆರಿಸುತ್ತಿದ್ದಾಳೆ. ಈಗ ಇಪ್ಪತ್ತು ಉಳಿದಿದೆ. ಅಲ್ಲಿಂದ ಮುಂದೆ ನೋಡಲು ಆಗಲಿಲ್ಲ. ಫೋನನ್ನು ಮಗುಚಿ ಮಡಿಲಲ್ಲಿಟ್ಟುಕೊಂಡೆ. ಅವಳ ಬಳೆಗಳನ್ನು ಎಣಿಸಿದೆ. ಎಷ್ಟು ಇದ್ದವು ಅಂತ ಈಗಲೂ ಹೇಳಲಾರೆ, ಪ್ರತಿ ಸಲ ಬೇರೆ ಬರುತ್ತಿತ್ತು.

ಗೇಟು ತೆರೆಯಿತು. ಇದನ್ನು ಟೈಪ್ ಮಾಡುತ್ತಿರುವ ಹೊತ್ತಿಗೆ ಫಲಿತಾಂಶ ಬಂದಾಗಿದೆ: ಅವಳು ಬಯಸಿದ್ದ ಎರಡು ಕಾಲೇಜು ಕರೆಯಲಿಲ್ಲ, ಇನ್ನೊಂದು ಸಂದರ್ಶನಕ್ಕೆ ಕರೆದಿದೆ, ಮುಂದಿನ ವಾರ ಹೊರಡುತ್ತಾಳೆ. ಆದರೆ ಅವತ್ತು ಗೇಟಿನಲ್ಲಿ ನನಗೆ ಅದೇನೂ ಗೊತ್ತಿರಲಿಲ್ಲ. ಗುಂಪಿನೊಳಗೆ ಅವಳ ಮುಖ ಹುಡುಕಿದೆ. ಬಂದಳು. ಗೋಡೆ ಹಿಡಿದಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲ್ಲಿನಲ್ಲಿ ಚಹಾ ಬಂದು, ಒಂದು ಗುಟುಕು ಕುಡಿದ ಮೇಲೆ ಬಾಯಿ ಬಿಟ್ಟಳು.

“ಎರಡನೇದ್ರಾಗ ಅಕ್ಷರ ಹೋದ್ವು ಆಯಿ.”

ನಾನು ಚಹಾದ ಕಪ್ ಕೆಳಗಿಟ್ಟೆ.

“ಹೋದ್ವಲ್ಲಾ, ಗಡಿಯಾರ ನೋಡ್ದೆ. ಹದಿನಾಲ್ಕು ಇತ್ತು. ಎಷ್ಟೊತ್ತು ಇರ್ತದ ನೋಡೇ ಬಿಡೂಣು ಅಂತ ಅದನ್ನೇ ನೋಡ್ಕೋತ ಕುಂತೆ. ಅಕ್ಷರ ತಿರುಗಿ ಬಂದಾಗ ಹನ್ನೆರಡು ಇತ್ತು.” ಎರಡು ಬೆರಳು ಎತ್ತಿ ತೋರಿಸಿದಳು. “ಬರೇ ಎರಡು ನಿಮಿಷ. ಆಮ್ಯಾಲ ನೀರು ಕುಡ್ದೆ, ಉಳಿದದ್ದು ಮಾಡ್ದೆ.”

ಬಳೆಗಳನ್ನು ಅವಳ ಮುಂದೆ ಸರಿಸಿದೆ. ಒಂದೊಂದಾಗಿ ಹಾಕಿಕೊಳ್ಳುತ್ತಾ ನನ್ನನ್ನೇ ನೋಡಿದಳು.

“ನೀ ಹೊರಗ ಏನ್ ಮಾಡ್ತಿದ್ದಿ?”

“ಕುಂತಿದ್ದೆ. ನೀನೇ ಹೇಳೀದಿಯಲ್ಲಾ, ಕೂಡೋದಷ್ಟೇ ಅಂತ.”

“ಅಂಜಿಕಿ ಬಂದಿತ್ತೇನು?”

“ಹೂಂ.”

“ಎಷ್ಟೊತ್ತು ಇತ್ತು?”

“ಎರಡು ತಾಸು,” ಅಂದೆ. “ಒಂದು ನಿಮಿಷ ಹೆಚ್ಚಿಲ್ಲ, ಒಂದು ನಿಮಿಷ ಕಮ್ಮಿ ಇಲ್ಲ.”